ಹವಾಯಿಯ ಜಿಂಕೆ ಮಾಂಸ ಬಡವರ ಮನೆಗೆ ತಲುಪುವುದು ಹೇಗೆ?

ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಹಿಂಡು ಹಿಂಡಾಗಿ ಕಾಣುವ ಚುಕ್ಕೆ ಜಿಂಕೆಯನ್ನು ಬೇಟೆಯಾಡಿದರೆ ಸೀದಾ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಷ್ಟು ಬಿಗಿಯಾಗಿದೆ, ಹಾಗೆ ಇರಬೇಕಾದದ್ದೂ ಹೌದು. ಆದರೆ ಇದೇ ಜಾತಿಯ ಜಿಂಕೆ ಅಮೆರಿಕದ ಹವಾಯಿ ದ್ವೀಪಗಳಲ್ಲಿ ಜನರಿಗೆ ದೊಡ್ಡ ತಲೆನೋವು. ಅಲ್ಲಿ ಅದನ್ನು ಕೊಲ್ಲಲು ಸರಕಾರವೇ ಹೇಳುತ್ತದೆ, ಮಾಂಸವನ್ನು ಹಸಿದವರಿಗೆ ಹಂಚುತ್ತಾರೆ.

ಮೂಲದಲ್ಲಿ ಹಿಂದೂಸ್ತಾನದ ಈ ಪ್ರಾಣಿ ಅಷ್ಟು ದೂರ ಹೋದದ್ದು ಹೇಗೆ ಅಂದರೆ, 1868ರ ಸುಮಾರಿಗೆ ಹಾಂಗ್‌ಕಾಂಗ್‌ನಿಂದ ಹವಾಯಿಯ ರಾಜ ಐದನೇ ಕಮೆಹಮೆಹಾನಿಗೆ ಕೆಲವು ಜಿಂಕೆಗಳು ಉಡುಗೊರೆಯಾಗಿ ಬಂದವು. ರಾಜ ಅವನ್ನು ಮೊಲೊಕಾಯಿ ದ್ವೀಪದಲ್ಲಿ ಬಿಡಿಸಿದ. ಮುಂದೆ ಲನಾಯಿಗೆ, 1959ರಲ್ಲಿ ಮಾವಿ ದ್ವೀಪಕ್ಕೆ ಬೇಟೆಯ ಮೋಜಿಗೆಂದು ಒಯ್ದರು. ಅಲ್ಲಿ ಹುಲಿಯೂ ಇಲ್ಲ, ಚಿರತೆಯೂ ಇಲ್ಲ, ಸೀಳುನಾಯಿಯೂ ಇಲ್ಲ. ಮರಿ ಹಾಕುತ್ತಾ ಹೋದವು, ಕೇಳುವವರಿಲ್ಲ. ಈಗ ಹುಲ್ಲು, ಗಿಡ, ಕೃಷಿಕರ ಬೆಳೆ ಎಲ್ಲ ತಿಂದು ಮುಗಿಸುತ್ತವೆ. ಮಣ್ಣು ಮಳೆಗೆ ಕೊಚ್ಚಿಹೋಗಿ ಕಡಲಿನ ಹವಳದ ಮೇಲೆ ಕೂರುತ್ತದೆ, ಮೀನು ಹಿಡಿಯುವವರಿಗೂ ನಷ್ಟ. 2021ರ ಬರಗಾಲದಲ್ಲಿ ಮೊಲೊಕಾಯಿಯಲ್ಲಿ ನೂರಾರು ಜಿಂಕೆಗಳು ಹೊಟ್ಟೆಗಿಲ್ಲದೆ ಸತ್ತು ಬಿದ್ದಾಗ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

ಒಂದು ಕಡೆ ಮಾಂಸ ಕಾಡಿನಲ್ಲಿ ಕೊಳೆಯುವುದು, ಇನ್ನೊಂದು ಕಡೆ ತಿನ್ನುವುದಕ್ಕೆ ಬೇಕಾದದ್ದರಲ್ಲಿ ಹೆಚ್ಚುಪಾಲನ್ನು ಹಡಗಿನಲ್ಲಿ ತರಿಸುವುದು. ಹವಾಯಿಯ ಅವಸ್ಥೆ ಇದು. 2023ರ ಆಗಸ್ಟ್ 8ರಂದು ಮಾವಿಯ ಲಹೈನಾ ಪಟ್ಟಣ ಬೆಂಕಿಗೆ ಆಹುತಿಯಾಗಿ ನೂರರಷ್ಟು ಜನ ಸತ್ತು, ಸಾವಿರಾರು ಜನ ಮನೆ ಕಳಕೊಂಡದ್ದು ನಿಮಗೆ ನೆನಪಿರಬಹುದು. ಆಗ ಸಂತ್ರಸ್ತರ ಊಟಕ್ಕೆ ಈ ಜಿಂಕೆ ಮಾಂಸವೂ ಬಂತು. ಕಾಡಿನ ಜಿಂಕೆಯಿಂದಲೇ ವ್ಯಾಪಾರ ಮಾಡುವ ಕಂಪೆನಿಯೊಂದು ರಾತ್ರಿ ಹೊತ್ತು ವಿಶೇಷ ಕ್ಯಾಮೆರಾ ಹಾಕಿ ಗುರಿಯಿಟ್ಟು ಹೊಡೆಯುತ್ತದೆ, ಜೊತೆಯಲ್ಲಿ ಸರಕಾರದ ಇನ್‌ಸ್ಪೆಕ್ಟರ್ ಇರುತ್ತಾನೆ. ತಪಾಸಣೆ ಆಗದ ಬೇಟೆ ಮಾಂಸವನ್ನು ಮಾರುವಂತಿಲ್ಲ.

ಅಮೆರಿಕದ ಮುಖ್ಯ ಭೂಭಾಗದ ಕಥೆ ಸ್ವಲ್ಪ ಬೇರೆ. ಅಲ್ಲಿಯದು ಬಿಳಿ ಬಾಲದ ಜಿಂಕೆ. 1900ರ ಹೊತ್ತಿಗೆ ಬೇಟೆಯಿಂದ ಸುಮಾರು 5 ಲಕ್ಷಕ್ಕೆ ಇಳಿದಿದ್ದವು, ಕಾನೂನು ಬಂತು, ತೋಳಗಳು ಮೊದಲೇ ಹೋಗಿದ್ದವು, ಈಗ ಕೋಟಿಗಳಲ್ಲಿ ಲೆಕ್ಕ. ರಸ್ತೆಯಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಗಾಡಿಗಳು ಜಿಂಕೆಗೆ ಗುದ್ದುತ್ತವೆ. ಅದೇ ದೇಶದಲ್ಲಿ, ಅಲ್ಲಿನ ಕೃಷಿ ಇಲಾಖೆಯ ಲೆಕ್ಕದಂತೆ, 2023ರಲ್ಲಿ 4 ಕೋಟಿ 74 ಲಕ್ಷ ಜನರು ಊಟದ ಭದ್ರತೆ ಇಲ್ಲದ ಮನೆಗಳಲ್ಲಿದ್ದರು. ಜಗತ್ತಿನ ಶ್ರೀಮಂತ ದೇಶ ಅಂತ ನಾವು ಮಾತಾಡುವ ದೇಶ ನೋಡಿ ಅದು.

ಬೇಟೆಗಾರರು ಒಂದೆರಡು ಜಿಂಕೆ ಹೊಡೆದು ಮನೆಗೆ ಸಾಕಾದ ಮೇಲೆ ಉಳಿದದ್ದನ್ನು ಕೊಡಲು ತಯಾರಿರುತ್ತಾರೆ. ಕೊಡುವುದು ಯಾರಿಗೆ? ಚರ್ಮ ಸುಲಿದು, ಎಲುಬು ಬೇರೆ ಮಾಡಿ, ಕೈಮಾ ಮಾಡಿ, ಪ್ಯಾಕ್ ಮಾಡಿ, ಫ್ರೀಜರ್‌ನಲ್ಲಿ ಇಡಬೇಕು. ಕಸಾಯಿಯವನ ಕೂಲಿ ಯಾರು ಕೊಡುವುದು? ಎಲ್ಲವೂ ಸಿಕ್ಕಿಕೊಳ್ಳುವುದು ಇಲ್ಲಿಯೇ. ವರ್ಜೀನಿಯಾದಲ್ಲಿ 1991ರಿಂದ, ಮೇರಿಲ್ಯಾಂಡ್‌ನಲ್ಲಿ 1997ರಿಂದ ಕೆಲವು ಸಂಘಟನೆಗಳು ಈ ಕೂಲಿಯ ದುಡ್ಡು ಒಟ್ಟು ಮಾಡುವುದನ್ನೇ ಮುಖ್ಯ ಕೆಲಸ ಮಾಡಿಕೊಂಡಿವೆ. ಒಂದು ಜಿಂಕೆಯಿಂದ ಸುಮಾರು 20 ಕಿಲೋ ಮಾಂಸ ಸಿಗುತ್ತದೆ. ದಾನಕ್ಕೆ ಮನಸ್ಸು ಇದ್ದವರು ಬಹಳ, ಕೂಲಿ ಕೊಡುವವರು ಕಮ್ಮಿ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. 2008ರಲ್ಲಿ ನಾರ್ತ್ ಡಕೋಟಾ ರಾಜ್ಯದಲ್ಲಿ ಒಬ್ಬ ಡಾಕ್ಟರು ದಾನದ ಜಿಂಕೆ ಕೈಮಾದ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿದರು. ಅರ್ಧಕ್ಕಿಂತ ಜಾಸ್ತಿ ಪೊಟ್ಟಣಗಳಲ್ಲಿ ಸೀಸದ ಚೂರು! ಸೀಸದ ಗುಂಡು ದೇಹದೊಳಗೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ದೂರ ಹರಡುತ್ತದೆ. ಗರ್ಭಿಣಿಯರಿಗೆ, ಸಣ್ಣ ಮಕ್ಕಳ ಮೆದುಳಿಗೆ ಸೀಸ ವಿಷ. ಆ ರಾಜ್ಯ ಹಂಚಿದ ಮಾಂಸವನ್ನು ಬಿಸಾಡಲು ಹೇಳಿತು. ಬೇಟೆಗಾರರು ಸಿಟ್ಟಾದರು, ನಾವೂ ಇದನ್ನೇ ತಿನ್ನುತ್ತೇವಲ್ಲ ಅಂದರು. ಅವರ ಮಾತು ಸುಳ್ಳಲ್ಲ. ಆದರೆ ಅವರಿಗೆ ತಿನ್ನದೆ ಇರುವ ಆಯ್ಕೆ ಇದೆ. ಪೊಟ್ಟಣ ಪಡೆಯುವ ತಾಯಿಗೆ ಅದರೊಳಗೆ ಏನಿದೆ ಎಂದು ಗೊತ್ತಾಗುವ ದಾರಿ ಇಲ್ಲ. ಮಿನ್ನೆಸೋಟ ರಾಜ್ಯ ಆಮೇಲೆ ದಾನದ ಮಾಂಸವನ್ನು ಎಕ್ಸ್‌ರೇ ಮಾಡುವ ಏರ್ಪಾಡು ಮಾಡಿತು. ಸೀಸದ ಬದಲು ತಾಮ್ರದ ಗುಂಡು ಬಳಸಿದರೆ ಈ ತೊಂದರೆ ಬಹಳ ಕಡಿಮೆ. ಸ್ವಲ್ಪ ದುಬಾರಿ, ಅಷ್ಟೇ.

ಮಿನ್ನೆಸೋಟ ಅಂದಾಗ ನಮಗೆ ಸಂಬಂಧಿಸಿದ ಒಂದು ಪ್ರಶ್ನೆಯೂ ಏಳುತ್ತದೆ. ಸೊಮಾಲಿಯಾದಿಂದ ಹೋದ ಮುಸ್ಲಿಮರು ಬಹಳ ಸಂಖ್ಯೆಯಲ್ಲಿ ಇರುವ ರಾಜ್ಯ ಅದು. ಜಿಂಕೆ ಹಲಾಲ್ ಪ್ರಾಣಿ, ಸಂಶಯ ಇಲ್ಲ. ಗುಂಡು ತಾಗಿ ಸತ್ತದ್ದರ ಹುಕ್ಮ್ ಬೇರೆ. ನಮ್ಮ ಶಾಫಿಈ ಮದ್‌ಹಬ್ ಪ್ರಕಾರ ಹೊಡೆತದ ಭಾರಕ್ಕೆ ಸತ್ತದ್ದು ಹಲಾಲ್ ಆಗುವುದಿಲ್ಲ, ಜೀವ ಇರುವಾಗಲೇ ಸಿಕ್ಕಿ ದಬಹ್ ಮಾಡಿದ್ದರೆ ಮಾತ್ರ ಆಗುತ್ತದೆ. ಈಗಿನ ಬಂದೂಕಿನ ಗುಂಡು ಚುಚ್ಚಿ ಒಳಹೋಗುತ್ತದೆ ಎಂದು ಬೇರೆ ಅಭಿಪ್ರಾಯ ಹೇಳಿದ ಉಲಮಾಗಳೂ ಇದ್ದಾರೆ, ಆಗಲೂ ಹೊಡೆದವನು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಅಲ್ಲಿ ಓದುವ, ಕೆಲಸ ಮಾಡುವ ನಮ್ಮ ಮಕ್ಕಳು ಫುಡ್ ಬ್ಯಾಂಕಿಗೆ ಹೋಗಬೇಕಾಗಿ ಬಂದರೆ ಕೇಳಿ ತೆಗೆದುಕೊಳ್ಳಲಿ. ಬಡವ ಕೇಳಬಾರದು, ಕೊಟ್ಟದ್ದು ತಿನ್ನಬೇಕು ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ.

ಜಿಂಕೆ ಮಾಂಸದಿಂದ ಅಮೆರಿಕದ ಹಸಿವು ಮುಗಿಯುತ್ತದೆ ಅಂತ ಯಾರೂ ಹೇಳುವುದಿಲ್ಲ. ಕೂಲಿ, ಬಾಡಿಗೆ, ಆಸ್ಪತ್ರೆ ಬಿಲ್ಲಿನ ಹಸಿವು ಅದು. ಆದರೂ ಹಾಳಾಗುವ ಮಾಂಸ ತಟ್ಟೆಗೆ ಬಂದರೆ ಅದು ಸಣ್ಣ ಕೆಲಸ ಅಲ್ಲ. ಹಜ್ಜಿಗೆ ಹೋದ ಹಿರಿಯರು ಹೇಳುತ್ತಿದ್ದರು, ಮಿನಾದಲ್ಲಿ ದಬಹ್ ಆದ ಆಡು ಕುರಿಗಳ ಮಾಂಸವನ್ನು ತಿನ್ನುವವರಿಲ್ಲದೆ ಹೂಳುತ್ತಿದ್ದರು ಅಂತ. 1983ರಲ್ಲಿ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕಿನ ಮೂಲಕ ಸೌದಿ ಸರಕಾರ ಅದಾಹಿ ಯೋಜನೆ ಶುರು ಮಾಡಿತು. ಆಧುನಿಕ ಕಸಾಯಿಖಾನೆ, ತಪಾಸಣೆಗೆ ಪಶುವೈದ್ಯರು, ಶೀತಲ ಗೋದಾಮು, ಹಡಗು. ಈಗ ಆ ಮಾಂಸ ಹರಮ್‌ನ ಬಡವರಿಗೆ ಸಿಕ್ಕಿ, ಉಳಿದದ್ದು ಬೇರೆ ದೇಶಗಳ ಬಡ ಮುಸ್ಲಿಮರಿಗೆ ಹೋಗುತ್ತದೆ. ದಾನ ಮೊದಲೂ ಇತ್ತು, ಫ್ರೀಜರ್ ಆಮೇಲೆ ಬಂತು.

ನಮ್ಮ ಜಮಾಅತ್‌ಗಳಲ್ಲಿ ಬಕ್ರೀದ್ ದಿನ ಏನಾಗುತ್ತದೆ? ಒಂದೇ ಗಲ್ಲಿಯ ಮನೆಗೆ ನಾಲ್ಕು ಕಡೆಯಿಂದ ಉಳುಹಿಯ್ಯತ್ ಮಾಂಸದ ಚೀಲ ಬರುತ್ತದೆ, ಫ್ರಿಜ್ಜಿನಲ್ಲಿ ಜಾಗ ಇಲ್ಲ. ಘಟ್ಟದ ಮೇಲಿನ ತೋಟದ ಲೈನ್ ಮನೆಗಳಲ್ಲಿ ಇರುವ ಬಡ ಮುಸ್ಲಿಮರಿಗೆ ಒಂದು ಚೀಲವೂ ಇಲ್ಲ. ಮಾಂಸವನ್ನು ಊರು ಬಿಟ್ಟು ಸಾಗಿಸುವುದರ ಮಸ್‌ಅಲ ಬೇರೆ ಇದೆ, ಅದನ್ನು ನಿಮ್ಮ ಖತೀಬರಲ್ಲಿ ಮೊದಲು ಕೇಳಿ. ಆ ಊರಲ್ಲೇ ಆಡು ಖರೀದಿಸಿ ಅಲ್ಲೇ ದಬಹ್ ಮಾಡಿಸುವ ದಾರಿಯೂ ಉಂಟು. ಯಾವ ಊರಲ್ಲಿ ಎಷ್ಟು ಮನೆ ಇದೆ ಎಂಬ ಪಟ್ಟಿ, ಒಂದು ದೊಡ್ಡ ಫ್ರೀಜರ್, ಒಂದು ಪಿಕಪ್ ಗಾಡಿಯ ಬಾಡಿಗೆ, ಇಷ್ಟನ್ನು ಕಮಿಟಿಯವರು ಹಬ್ಬದ ಒಂದು ತಿಂಗಳ ಮೊದಲೇ ಕೂತು ಮಾತಾಡಬಹುದು.