ನಿಲ್ದಾಣದ ನೆಲವೇ ಹಾಸಿಗೆಯಾದಾಗ

2024ರ ಏಪ್ರಿಲ್ 16ರಂದು ದುಬೈಯಲ್ಲಿ ಭಾರೀ ಮಳೆ ಸುರಿಯಿತು. 75 ವರ್ಷಗಳಲ್ಲಿ ಆ ದೇಶ ಅಂಥ ಮಳೆ ಕಂಡಿರಲಿಲ್ಲ. ಎರಡು ದಿನಗಳಲ್ಲಿ ಸಾವಿರಕ್ಕೂ ಮಿಕ್ಕಿ ವಿಮಾನಗಳು ರದ್ದಾಗಿ, ಪ್ರಯಾಣಿಕರು ನಿಲ್ದಾಣದ ನೆಲದಲ್ಲೇ ಮಲಗಬೇಕಾಯಿತು. ಕೊಲ್ಲಿಯ ದುಡಿಮೆಯನ್ನು ನಂಬಿದ ಮನೆಗಳು ಧಾರಾಳವಾಗಿರುವ ಕಾಸರಗೋಡಿಗೆ ಇದು ದೂರದ ಸುದ್ದಿಯಲ್ಲ.

ಮಳೆಯನ್ನು ಯಾರೂ ತಡೆಯಲಾರರು. ಆದರೆ ವಿಮಾನ ತಡವಾದಾಗಲೆಲ್ಲ ನೆಲದಲ್ಲಿ ಮಲಗುವುದು ಹಣೆಬರಹವೇನಲ್ಲ. ನಮ್ಮ ದೇಶದ ವಿಮಾನಯಾನ ನಿಯಮದಂತೆ, ರಾತ್ರಿ 8ರಿಂದ ಮುಂಜಾನೆ 3ರೊಳಗೆ ಹೊರಡಬೇಕಾದ ವಿಮಾನ 6 ಗಂಟೆಗೂ ಹೆಚ್ಚು ತಡವಾದರೆ ಹೋಟೆಲು ವಸತಿ ಒದಗಿಸುವ ಹೊಣೆ ಕಂಪೆನಿಯದು. ಟಿಕೆಟಿನ ಇಂಗ್ಲಿಷು ನಮ್ಮ ಹಿರಿಯರೆಲ್ಲರಿಗೂ ಎಟಕುವುದಿಲ್ಲ. ಕೇಳಬಲ್ಲವನಿಗೆ ಕೋಣೆ, ಕೇಳಲರಿಯದವನಿಗೆ ನೆಲ ಎಂದಾಗಬಾರದು. ಮಂಗಳೂರು, ಕಣ್ಣೂರು ನಿಲ್ದಾಣಗಳಲ್ಲಿ ಈ ನಿಯಮವನ್ನು ಕನ್ನಡ, ಮಲಯಾಳ ಎರಡರಲ್ಲೂ ಎದ್ದು ಕಾಣುವಂತೆ ಬರೆದು ಹಾಕಬೇಕೆಂದು ನಾವು ಒತ್ತಾಯಿಸುತ್ತೇವೆ.