ಸ್ನೇಹ ಚೆನ್ನಾಗಿರುವಾಗಲೇ ಫರ್ಮ್ ನೋಂದಣಿ ಮಾಡಿಸಿ

ಕಳೆದ ವಾರ ಪಕ್ಕದೂರಿನ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ನಾವು ಮೂವರು ಸೇರಿ ಬಾಳೆಕಾಯಿ ಚಿಪ್ಸ್ ಯೂನಿಟ್ ಹಾಕ್ತಿದ್ದೀವಿ. ಪತ್ರ-ಗಿತ್ರ ಏನೂ ಬೇಡ ಅಲ್ವಾ? ಎಲ್ಲಾ ಒಂದೇ ಊರೋರು." ಆರು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ.

ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದು ಸಾವಯವ ಅರಿಶಿನ ಬೆಳೆಯುತ್ತಿದ್ದೆ. ಇಬ್ಬರು ಗೆಳೆಯರ ಜೊತೆ ಸೇರಿ ಪುಡಿ ಮಾಡಿ ಮಾರುವ ವ್ಯವಹಾರ ಶುರು ಮಾಡಿದೆವು. ನನ್ನದು 3 ಲಕ್ಷ, ಅವರದು ತಲಾ ಒಂದೂವರೆ ಲಕ್ಷ. ಬಿಲ್ ಬುಕ್ ಮಾಡಿಸಿದ್ವಿ, ಬೋರ್ಡ್ ಹಾಕಿದ್ವಿ. ನೋಂದಣಿ ಮಾತ್ರ ಮಾಡಿಸಲಿಲ್ಲ. ಎರಡನೇ ವರ್ಷ ಒಬ್ಬ ವ್ಯಾಪಾರಿ 1,40,000 ರೂಪಾಯಿ ಬಾಕಿ ಉಳಿಸಿಕೊಂಡ. ವಕೀಲರ ಹತ್ತಿರ ಹೋದರೆ ಅವರು ಮೊದಲು ಕೇಳಿದ್ದೇ, "ಫರ್ಮ್ ರಿಜಿಸ್ಟರ್ ಆಗಿದೆಯಾ?"

1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೆ ಸೆಕ್ಷನ್ 69 ಓದಿದರೆ ಎದೆ ಝಲ್ ಅನ್ನುತ್ತೆ. ನೋಂದಣಿಯಾಗದ ಫರ್ಮ್, ಒಪ್ಪಂದದ ಪ್ರಕಾರ ಬರಬೇಕಾದ ಹಣಕ್ಕೆ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಒಬ್ಬ ಪಾಲುದಾರ ಇನ್ನೊಬ್ಬನ ಮೇಲೆ ಲಾಭದ ಪಾಲಿಗಾಗಿ ಹೂಡುವಂತೆಯೂ ಇಲ್ಲ. ಹೊರಗಿನವರು ಮಾತ್ರ ನಮ್ಮ ಮೇಲೆ ಧಾರಾಳವಾಗಿ ಹೂಡಬಹುದು. ಅದೂ ಫರ್ಮಿನ ಪೂರ್ತಿ ಸಾಲಕ್ಕೆ ಯಾವ ಒಬ್ಬ ಪಾಲುದಾರನನ್ನು ಬೇಕಾದರೂ ಹಿಡಿಯಬಹುದು. ಬರಬೇಕಾದ್ದು ಕೇಳೋ ಹಾಗಿಲ್ಲ, ಕೊಡಬೇಕಾದ್ದು ತಪ್ಪೋದಿಲ್ಲ.

"ಹಾಗಾದ್ರೆ ಈಗಲೇ ನೋಂದಣಿ ಮಾಡಿಸಿ ಆಮೇಲೆ ದಾವೆ ಹಾಕೋಣ" ಅಂದೆ. ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. ಆದರೆ ಅರ್ಜಿಗೆ ಎಲ್ಲಾ ಪಾಲುದಾರರ ಸಹಿ ಬೇಕು. ಬಾಕಿ ಇಟ್ಟ ವ್ಯಾಪಾರಿ ನಮ್ಮಲ್ಲೊಬ್ಬನ ಸಂಬಂಧಿಕ. ಅವನು ಸಹಿ ಹಾಕಲಿಲ್ಲ. ಅಲ್ಲಿಗೆ ದುಡ್ಡೂ ಹೋಯ್ತು, ಸ್ನೇಹವೂ ಹೋಯ್ತು.

ಹಾಗಂತ ನೋಂದಣಿ ಇಲ್ಲದವರಿಗೆ ಹಕ್ಕೇ ಇಲ್ಲ ಅಂತಲ್ಲ. ಫರ್ಮ್ ಮುಚ್ಚಿಸಿ ಅಂತ, ಮುಚ್ಚಿದ ಫರ್ಮಿನ ಲೆಕ್ಕ ಕೊಡಿಸಿ ಅಂತ, ಅದರ ಆಸ್ತಿ ವಸೂಲಿಗೆ ಅಂತ ಕೋರ್ಟಿಗೆ ಹೋಗಬಹುದು. ಲೆಕ್ಕ ಮತ್ತು ಲಾಭದ ಪಾಲು ಕೇಳುವ ದಾವೆಗೆ ಫರ್ಮ್ ವಿಸರ್ಜನೆಯಾದ ದಿನದಿಂದ 3 ವರ್ಷ ಕಾಲಮಿತಿ. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು. ನಾನು ಮಾಡಿದ್ದೂ ಅದನ್ನೇ. ನೋಟಿಸ್ ಹೋದ ಮೇಲೆ ಮೂವರೂ ಕೂತು ಲೆಕ್ಕ ಬಗೆಹರಿಸಿಕೊಂಡೆವು. ಆದರೆ ನನ್ನ ಹಕ್ಕು ಕೇಳೋಕೆ ನಾನೇ ಕಟ್ಟಿದ ವ್ಯವಹಾರ ಮುಚ್ಚಬೇಕಾಯ್ತಲ್ಲ, ಅದು ಇವತ್ತಿಗೂ ನೋಯುತ್ತೆ.

ಇನ್ನೊಂದು ಪಾಠ. ಲಾಭ ಹೇಗೆ ಹಂಚಬೇಕು ಅಂತ ಒಪ್ಪಂದ ಇಲ್ಲದಿದ್ದರೆ ಕಾನೂನು ಸಮಪಾಲು ಅನ್ನುತ್ತೆ. ನಾನು ಎರಡರಷ್ಟು ಬಂಡವಾಳ ಹಾಕಿದ್ದೆ, ಲಾಭದಲ್ಲಿ ಮಾತ್ರ ಮೂರರಲ್ಲೊಂದು ಪಾಲು.

"ಪತ್ರ ಮಾಡಿಸಿದ್ರೆ ನಂಬಿಕೆ ಇಲ್ಲ ಅಂದಂಗಾಗುತ್ತೆ" ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಅಣ್ಣತಮ್ಮಂದಿರ ಜಮೀನಿನ ನಡುವೆಯೂ ಬದು ಇರುತ್ತೆ. ಜಗಳ ಆಗಲಿ ಅಂತ ಯಾರೂ ಬದು ಹಾಕಲ್ಲ, ಆಗದಿರಲಿ ಅಂತ ಹಾಕ್ತಾರೆ.

ಆ ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಯಾರ ಬಂಡವಾಳ ಎಷ್ಟು, ಲಾಭ-ನಷ್ಟ ಹೇಗೆ, ಬ್ಯಾಂಕ್ ಖಾತೆಗೆ ಯಾರ ಸಹಿ, ಒಬ್ಬರು ಬಿಟ್ಟು ಹೋದರೆ ಏನು, ಇಷ್ಟನ್ನು ಛಾಪಾ ಕಾಗದದಲ್ಲಿ ಬರೆಸಿ. ಫರ್ಮುಗಳ ನೋಂದಣಾಧಿಕಾರಿ ಬಳಿ ನೋಂದಣಿ ಮಾಡಿಸಿ. ಈಗಾಗಲೇ ವ್ಯವಹಾರ ನಡೀತಿದ್ದರೂ ತಡವಾಗಿಲ್ಲ, ಯಾವಾಗ ಬೇಕಾದರೂ ಮಾಡಿಸಬಹುದು. ಒಂದೇ ಷರತ್ತು: ಎಲ್ಲರೂ ನಗುನಗುತ್ತಾ ಸಹಿ ಹಾಕುವ ಕಾಲದಲ್ಲೇ ಮಾಡಿಸಿ.