ಪಟ್ಟದ ಆನೆಯೂ ಕಾಲ್ಚೆಂಡಿನ ಉತ್ತರಾಧಿಕಾರವೂ

ಅರಸನು ಮಕ್ಕಳಿಲ್ಲದೆ ತೀರಿಕೊಂಡಾಗ ಪಟ್ಟದ ಆನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬೀದಿಗೆ ಬಿಡುವ ಪ್ರಸಂಗ ನಮ್ಮ ಕಥಾಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಆನೆ ಊರೆಲ್ಲ ಸುತ್ತಿ, ಮಂತ್ರಿ ಸಾಮಂತರನ್ನು ಬದಿಗಿಟ್ಟು, ಊರ ಹೊರಗೆ ಮರದಡಿ ಮಲಗಿದ ಅಪರಿಚಿತನೊಬ್ಬನ ಕೊರಳಿಗೆ ಮಾಲೆ ಹಾಕುತ್ತದೆ. ಜೈನ ಕಥೆಗಳಲ್ಲಿ ಆನೆಯ ಜೊತೆಗೆ ಕುದುರೆ, ಕಲಶ, ಚಾಮರ, ಛತ್ರಗಳೂ ಸೇರಿ ಇದು ಪಂಚದಿವ್ಯಾಧಿವಾಸವೆಂಬ ಹೆಸರು ಪಡೆದಿದೆ. ಈ ಆಶಯದಲ್ಲಿ ನನಗೆ ಸದಾ ಕುತೂಹಲ ಹುಟ್ಟಿಸಿರುವ ಸಂಗತಿ ಆನೆಯ ವಿವೇಕವಲ್ಲ, ಪ್ರಜೆಗಳ ಮೌನ. ಆನೆ ಆರಿಸಿದ ಮೇಲೆ ಯಾರೂ ಚರ್ಚಿಸುವುದಿಲ್ಲ.

ಕಾಲ್ಚೆಂಡಿನ ಕ್ಲಬ್ಬುಗಳಿಗೆ ಇಂಥ ಆನೆಯಿಲ್ಲ. ಆದ್ದರಿಂದ ಕೋಚ್ ಒಬ್ಬ ಹೊರಟನೆಂಬ ಸುದ್ದಿ ಬಂದ ಕ್ಷಣದಿಂದ ಮುಂದಿನವನ ಹೆಸರು ಘೋಷಣೆಯಾಗುವವರೆಗೆ ಅಭಿಮಾನಿಗಳದು ಒಂದೇ ಮಾತು. ನಮ್ಮ ಕಾಲೇಜಿನ ಹುಡುಗರೂ ಇದಕ್ಕೆ ಹೊರತಲ್ಲ. ಇಂಗ್ಲೆಂಡಿನ ನೆಲವನ್ನು ಕಂಡರಿಯದ ಅವರು ಲಿವರ್‌ಪೂಲಿನ ಮುಂದಿನ ಕೋಚ್ ಯಾರಾಗಬೇಕೆಂದು ವಾದಿಸುವ ಉತ್ಸಾಹದ ನಾಲ್ಕರಲ್ಲೊಂದು ಪಾಲನ್ನು ಪಂಪನ ಕಡೆಗೆ ತಿರುಗಿಸಿದ್ದರೆ ಎಂದು ಒಮ್ಮೊಮ್ಮೆ ಅನಿಸಿದ್ದುಂಟು. ಆದರೆ ಆ ಚರ್ಚೆಯನ್ನು ಕಾಲಹರಣವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ತಾನು ಒಡೆಯನಲ್ಲದ, ಆದರೂ ತನ್ನದೆಂದು ಬಗೆದ ಸಂಸ್ಥೆಯೊಂದರ ಭವಿಷ್ಯವನ್ನು ಕುರಿತು ಮನುಷ್ಯ ಯೋಚಿಸುವ ಬಗೆ ಅಲ್ಲಿದೆ. ನನ್ನ ತಕರಾರು ಬೇರೆಯದು. ಅಭಿಮಾನಿಗಳು ‘ಯಾರು’ ಎಂದು ಕೇಳುತ್ತಾರೆ. ‘ಯಾವ ಕೆಲಸಕ್ಕೆ’ ಎಂದು ಕೇಳುವುದಿಲ್ಲ.

2024ರ ಜನವರಿ 26ರಂದು ಯುರ್ಗನ್ ಕ್ಲಾಪ್, ತಮ್ಮಲ್ಲಿ ಶಕ್ತಿ ಬರಿದಾಗುತ್ತಿದೆಯೆಂದೂ ಆ ಋತುವಿನ ಕೊನೆಗೆ ಲಿವರ್‌ಪೂಲ್ ಬಿಡುವುದಾಗಿಯೂ ಪ್ರಕಟಿಸಿದರು. 2015ರ ಅಕ್ಟೋಬರಿನಲ್ಲಿ ಬಂದವರು ಅವರು. 2019ರಲ್ಲಿ ಯುರೋಪಿನ ಕಿರೀಟವನ್ನೂ, 2020ರಲ್ಲಿ ಮೂವತ್ತು ವರ್ಷಗಳ ಬರಗಾಲದ ನಂತರ ಲೀಗ್ ಪ್ರಶಸ್ತಿಯನ್ನೂ ತಂದವರು. ಸುದ್ದಿ ಹೊರಬಿದ್ದ ದಿನವೇ ಬಹುಪಾಲು ಅಭಿಮಾನಿಗಳ ಹೂಮಾಲೆ ಷಾಬಿ ಅಲಾನ್ಸೊ ಎಂಬವರ ಕೊರಳಿನತ್ತ ಸಾಗಿತ್ತು. ಕಾರಣಗಳು ಸ್ಪಷ್ಟ. 2005ರಲ್ಲಿ ಇಸ್ತಾಂಬುಲ್ ನಗರದ ಅಂತಿಮ ಪಂದ್ಯದಲ್ಲಿ ಮೂರು ಗೋಲುಗಳ ಹಿನ್ನಡೆಯನ್ನು ಸರಿಗಟ್ಟಿದ ಗೋಲು ಅವರದು. ಈಗ ಜರ್ಮನಿಯಲ್ಲಿ ಲೆವರ್ಕೂಸನ್ ತಂಡವನ್ನು ಒಂದೂ ಸೋಲಿಲ್ಲದೆ ಮುನ್ನಡೆಸುತ್ತಿದ್ದರು. ಹಳೆಯ ಪ್ರೀತಿ ಹೊಸ ಕೀರ್ತಿಯೊಂದಿಗೆ ಸೇರಿದಾಗ ಬೇರೆ ಹೆಸರು ಹೇಗೆ ಹೊಳೆದೀತು? ಮಾರ್ಚ್ 29ರಂದು ಅಲಾನ್ಸೊ ತಾವು ಲೆವರ್ಕೂಸನ್ನಿನಲ್ಲೇ ಉಳಿಯುವುದಾಗಿ ತಿಳಿಸಿದರು. ಕ್ಲಬ್ಬು ಕೊನೆಗೆ ಆರಿಸಿದ್ದು ನೆದರ್ಲೆಂಡಿನ ಫೆಯೆನೂರ್ಡ್ ತಂಡದ ಆರ್ನ ಸ್ಲಾಟ್ ಅವರನ್ನು. ಆ ಹೆಸರು ಕೇಳಿ ನಮ್ಮ ಹುಡುಗರ ಮುಖ ಬಾಡಿದ್ದು ಚೆನ್ನಾಗಿ ನೆನಪಿದೆ. ಮರುವರ್ಷ ಏಪ್ರಿಲ್ 27ರಂದು, ಟಾಟನ್‌ಹ್ಯಾಮ್ ತಂಡವನ್ನು 5-1ರಿಂದ ಸೋಲಿಸಿ, ಸ್ಲಾಟರ ಲಿವರ್‌ಪೂಲ್ ತನ್ನ ಇಪ್ಪತ್ತನೆಯ ಲೀಗ್ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಅಭಿಮಾನಿಗಳ ಊಹೆ ತಪ್ಪಿತೆಂದು ಎತ್ತಿ ತೋರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಅಲಾನ್ಸೊ ಬಂದಿದ್ದರೂ ಗೆಲ್ಲುತ್ತಿದ್ದರೇನೋ. ಗಮನಿಸಬೇಕಾದದ್ದು ಕ್ಲಬ್ಬು ಮಾಡಿದ ಕೆಲಸದ ಕ್ರಮವನ್ನು. ಕೋಚನ್ನು ಹುಡುಕುವ ಮೊದಲು ಅದು ಹುಡುಕುವವರನ್ನು ನೇಮಿಸಿತು. ಹಿಂದೆ ಅಲ್ಲಿಯೇ ದುಡಿದಿದ್ದ ಮೈಕೆಲ್ ಎಡ್ವರ್ಡ್ಸ್ ಮಾರ್ಚಿನಲ್ಲಿ ಮಾಲೀಕರ ಸಂಸ್ಥೆಗೆ ಮರಳಿದರು; ಆಟಗಾರರ ಖರೀದಿ ಮತ್ತು ತಂಡ ಕಟ್ಟುವ ಹೊಣೆಗೆ ರಿಚರ್ಡ್ ಹ್ಯೂಸ್ ಬಂದರು. ಆಮೇಲೆ ಕೋಚ್. ಹುದ್ದೆಯ ಹೆಸರೂ ಬದಲಾಯಿತು: ಕ್ಲಾಪ್ ‘ಮ್ಯಾನೇಜರ್’ ಆಗಿದ್ದರು, ಸ್ಲಾಟ್ ‘ಹೆಡ್ ಕೋಚ್’ ಆದರು. ಭಾಷೆಯ ಮೇಷ್ಟರಿಗೆ ಇಂಥ ಬದಲಾವಣೆ ಕಣ್ಣಿಗೆ ಬೀಳದೆ ಹೋಗದು. ಮ್ಯಾನೇಜರ್ ಎಂದರೆ ಮನೆಯ ಯಜಮಾನ. ಕೋಚ್ ಎಂದರೆ ಗರಡಿಯ ಉಸ್ತಾದ. (ನಮ್ಮ ‘ತರಬೇತಿ’ ಎಂಬ ಮಾತು ಅರಬ್ಬಿಯ ‘ತರ್ಬಿಯತ್’ನಿಂದ ಬಂದದ್ದು; ಅದರ ಮೂಲಾರ್ಥ ಸಾಕಿ ಬೆಳೆಸುವುದು. ‘ತರಬೇತುದಾರ’ ಎಂಬ ಪದ, ಈ ದೃಷ್ಟಿಯಿಂದ, ಇಂಗ್ಲಿಷಿನ ಎರಡೂ ಪದಗಳಿಗಿಂತ ಹೆಚ್ಚು ಹೃದ್ಯವಾಗಿದೆ.) ಇದ್ದ ತಂಡವನ್ನು ಕೆಡವಿ ಕಟ್ಟುವವನು ಲಿವರ್‌ಪೂಲಿಗೆ ಆಗ ಬೇಕಿರಲಿಲ್ಲ; ಇದ್ದವರಿಂದಲೇ ಇನ್ನಷ್ಟನ್ನು ಹೊರಡಿಸುವವನು ಬೇಕಿತ್ತು. ನಡುಮೈದಾನಕ್ಕೆ ಬಯಸಿದ ಸ್ಪೇನಿನ ಆಟಗಾರ ಬರಲೊಪ್ಪದಿದ್ದಾಗ, ಕ್ಲಾಪರ ಕಾಲದಲ್ಲಿ ಅಂಚಿನಲ್ಲಿದ್ದ ಖ್ರಾವನ್‌ಬೆರ್ಖ್ ಎಂಬ ತರುಣನನ್ನೇ ಸ್ಲಾಟ್ ಆ ಸ್ಥಾನದಲ್ಲಿ ನಿಲ್ಲಿಸಿದರು. ಆ ವರ್ಷದ ಗೆಲುವಿನ ಬಹುಭಾಗ ಆ ನಿರ್ಧಾರದಲ್ಲಿದೆ.

ಇದೇ ಊರು ಐವತ್ತು ವರ್ಷಗಳ ಹಿಂದೆಯೂ ಇಂಥದೇ ಸಂಕಟವನ್ನು ಕಂಡಿತ್ತು. ಎರಡನೆಯ ದರ್ಜೆಯಲ್ಲಿ ನರಳುತ್ತಿದ್ದ ತಂಡವನ್ನು 1959ರ ಡಿಸೆಂಬರಿನಲ್ಲಿ ಕೈಗೆತ್ತಿಕೊಂಡು ಮೇಲೆ ತಂದ ಬಿಲ್ ಶ್ಯಾಂಕ್ಲಿ 1974ರ ಜುಲೈನಲ್ಲಿ ಇದ್ದಕ್ಕಿದ್ದಂತೆ ರಾಜೀನಾಮೆಯಿತ್ತರು. ಮಾತಿನ ಮಲ್ಲ ಅವರು. ಒಂದು ಕೈ ಎತ್ತಿದರೆ ಸಾವಿರಾರು ಜನ ಮೌನವಾಗುತ್ತಿದ್ದರು. ಅವರ ಜಾಗಕ್ಕೆ ಬಂದ ಬಾಬ್ ಪೇಸ್ಲಿ ಡರ್ಹಮ್ ಸೀಮೆಯ ಗಣಿ ಹಳ್ಳಿಯವರು, ಹರೆಯದಲ್ಲಿ ಗಾರೆಕೆಲಸ ಕಲಿತವರು, 1939ರಿಂದಲೂ ಅದೇ ಕ್ಲಬ್ಬಿನಲ್ಲಿ ಆಟಗಾರನಾಗಿ, ಗಾಯ ನೋಡುವವನಾಗಿ, ಸಹಾಯಕನಾಗಿ ಸವೆದವರು. ಮಾತು ತೊದಲು, ವಾಕ್ಯ ಅಪೂರ್ಣ. ಅವರಿಗೆ ಆ ಹುದ್ದೆ ಬೇಕೂ ಇರಲಿಲ್ಲ. ಶ್ಯಾಂಕ್ಲಿಯನ್ನು ಹೋಲುವವನನ್ನು ಹುಡುಕಲು ಹೊರಟಿದ್ದರೆ ಪೇಸ್ಲಿ ಪಟ್ಟಿಯ ಕೊನೆಯಲ್ಲೂ ಇರುತ್ತಿರಲಿಲ್ಲ. ಮೊದಲ ವರ್ಷ ಏನೂ ಗೆಲ್ಲಲಿಲ್ಲ. ಆದರೆ ಒಂಬತ್ತು ಋತುಗಳು ಮುಗಿಯುವ ಹೊತ್ತಿಗೆ ಆರು ಲೀಗ್ ಪ್ರಶಸ್ತಿಗಳು, 1977, 1978 ಮತ್ತು 1981ರಲ್ಲಿ ಮೂರು ಯುರೋಪಿಯನ್ ಕಪ್ಪುಗಳು.

ಈ ಕಥೆಗೊಂದು ಕರಾಳ ಮುಖವಿದೆ. ರಾಜೀನಾಮೆಯ ನಂತರವೂ ಶ್ಯಾಂಕ್ಲಿ ಮೆಲ್‌ವುಡ್‌ನ ಅಭ್ಯಾಸದ ಮೈದಾನಕ್ಕೆ ಬರುತ್ತಿದ್ದರು. ಆಟಗಾರರು ಅವರನ್ನೇ ‘ಬಾಸ್’ ಎನ್ನುತ್ತಿದ್ದರು. ಕೊನೆಗೆ, ಬರಬಾರದೆಂಬುದನ್ನು ಅವರಿಗೆ ಅರ್ಥವಾಗುವಂತೆ ಮಾಡಲಾಯಿತು. ತಾನು ಕಟ್ಟಿದ ಮನೆಯ ಬಾಗಿಲು ತನಗೇ ಮುಚ್ಚಿದ ನೋವನ್ನು ಅವರು ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾರೆ. ಕ್ಲಬ್ಬಿನದು ನಿರ್ದಯೆ ಹೌದು. ಅನಗತ್ಯವಾದ ನಿರ್ದಯೆಯೇ? ಮ್ಯಾಂಚೆಸ್ಟರ್ ಯುನೈಟೆಡ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿತ್ತು. 1969ರಲ್ಲಿ ಮ್ಯಾಟ್ ಬಸ್ಬಿ ಇಳಿದಾಗ ಜನರಲ್ ಮ್ಯಾನೇಜರ್ ಆಗಿ ಅದೇ ಕಟ್ಟಡದಲ್ಲಿ ಉಳಿದರು. ಕ್ಲಬ್ಬಿನಲ್ಲೇ ಬೆಳೆದ, ಮೂವತ್ತೊಂದು ವಯಸ್ಸಿನ ವಿಲ್ಫ್ ಮೆಗಿನ್ನಿಸ್ ತಂಡದ ಹೊಣೆ ಹೊತ್ತರು. ತನ್ನ ಓರಗೆಯ ಆಟಗಾರರನ್ನು ಆಳಬೇಕಾದ ಆ ತರುಣ, ಬೆನ್ನ ಹಿಂದೆ ಹಿರಿಯನ ನೆರಳು. 1970ರ ಡಿಸೆಂಬರಿನಲ್ಲಿ ಅವರು ಪದಚ್ಯುತರಾದರು. 1974ರಲ್ಲಿ, ಅಂದರೆ ಪೇಸ್ಲಿ ಪಟ್ಟಕ್ಕೇರಿದ ವರ್ಷವೇ, ಯುನೈಟೆಡ್ ಎರಡನೆಯ ದರ್ಜೆಗೆ ಕುಸಿಯಿತು.

ಅದೇ ಕ್ಲಬ್ಬು 2013ರಲ್ಲಿ ಮತ್ತೆ ಎಡವಿತು. ಅಲೆಕ್ಸ್ ಫರ್ಗುಸನ್ ತಾವೇ ಡೇವಿಡ್ ಮೋಯೆಸ್ ಅವರನ್ನು ಆರಿಸಿದರು: ತಮ್ಮಂತೆಯೇ ಸ್ಕಾಟ್ಲೆಂಡಿನವರು, ತಮ್ಮಂತೆಯೇ ಒಂದೇ ಕ್ಲಬ್ಬಿನಲ್ಲಿ ದೀರ್ಘಕಾಲ ನಿಂತವರು. ಹೋಲಿಕೆಯೇ ಅರ್ಹತೆಯಾಯಿತು. ಆರು ವರ್ಷಗಳ ಒಪ್ಪಂದ ಹತ್ತು ತಿಂಗಳಲ್ಲಿ ಮುಗಿಯಿತು. ಪ್ರೇಕ್ಷಕರ ಅಂಕಣದಲ್ಲಿ ಮೋಯೆಸರ ಚಿತ್ರದೊಂದಿಗೆ ‘ಆಯ್ಕೆಯಾದವನು’ ಎಂಬ ಬ್ಯಾನರ್ ತೂಗುತ್ತಿತ್ತು. 2014ರ ಮಾರ್ಚಿನಲ್ಲಿ ಅದೇ ಮೈದಾನದ ಮೇಲೆ, ಆಯ್ಕೆ ತಪ್ಪಿತು, ಮೋಯೆಸ್ ತೊಲಗಲಿ ಎಂಬರ್ಥದ ಬರಹವನ್ನೆಳೆದುಕೊಂಡು ವಿಮಾನವೊಂದು ಹಾರಿತು. ಆದರೆ ಫರ್ಗುಸನ್ ಇಳಿದ ಬೇಸಿಗೆಯಲ್ಲೇ ಆಡಳಿತದ ಚುಕ್ಕಾಣಿ ಹಿಡಿದಿದ್ದ ಡೇವಿಡ್ ಗಿಲ್ ಕೂಡ ಇಳಿದಿದ್ದರೆಂಬುದನ್ನು ವಿಮಾನಕ್ಕೆ ಹಣ ಹೊಂದಿಸಿದವರು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದರೋ.

ಭಾರತದ ಓದುಗರಿಗೆ ಇದು ಹೊಸ ದೃಶ್ಯವಲ್ಲ. ಕೌರವಪಕ್ಷದ ಸೇನಾಧಿಪತ್ಯದ ಲೆಕ್ಕ ನೋಡಿ: ಭೀಷ್ಮನಿಗೆ ಹತ್ತು ದಿನ, ದ್ರೋಣನಿಗೆ ಐದು, ಕರ್ಣನಿಗೆ ಎರಡು, ಶಲ್ಯನಿಗೆ ಅರ್ಧ. ವ್ಯಾಸಭಾರತದಲ್ಲಿ ಪ್ರತಿ ಸಲವೂ ಮುಂದಿನವನ ಹೆಸರು ಸೈನ್ಯದ ಒಳಗಿನಿಂದಲೇ ಬರುತ್ತದೆ. ಭೀಷ್ಮನ ನಂತರ ದ್ರೋಣನೆಂದು ಸೂಚಿಸುವವನು ಕರ್ಣ. ಕರ್ಣನನ್ನೂ ಆಮೇಲೆ ಶಲ್ಯನನ್ನೂ ಸೂಚಿಸುವವನು ಅಶ್ವತ್ಥಾಮ. ಪಂಪನಲ್ಲಂತೂ ಭೀಷ್ಮನಿಗೆ ವೀರಪಟ್ಟ ಕಟ್ಟುವ ಹೊತ್ತಿನಲ್ಲಿ, ಈ ಮುದುಕನಿಗೇಕೆ ಎಂದು ಕರ್ಣ ಸಿಡಿದೇಳುತ್ತಾನೆ. ಸಭೆಯಲ್ಲಿ ವಯಸ್ಸು, ಕುಲ, ಪರಾಕ್ರಮಗಳೆಲ್ಲ ಚರ್ಚೆಗೆ ಬರುತ್ತವೆ. ಚರ್ಚೆಗೆ ಬಾರದೆ ಉಳಿಯುವುದು ಒಂದೇ: ಸೇನಾಪತಿಯನ್ನು ನೇಮಿಸುತ್ತಿರುವ ದುರ್ಯೋಧನ. ಕ್ಲಬ್ಬಿನ ಒಡೆತನವನ್ನು ಬಿಟ್ಟು ಕೋಚನ್ನಷ್ಟೇ ಚರ್ಚಿಸುವ ಅಭಿಮಾನಿಯೂ ಆ ಸಭೆಯಲ್ಲೇ ಕುಳಿತಿದ್ದಾನೆ.

ಹಾಗಾದರೆ ಆಯ್ಕೆಯ ಅಧಿಕಾರವನ್ನು ಅಭಿಮಾನಿಗಳಿಗೇ ಕೊಡಬಹುದೇ? ಕೊಟ್ಟ ನಿದರ್ಶನವೊಂದಿದೆ. 2008ರಲ್ಲಿ ಇಂಗ್ಲೆಂಡಿನ ಎಬ್ಸ್‌ಫ್ಲೀಟ್ ಯುನೈಟೆಡ್ ಎಂಬ ಸಣ್ಣ ಕ್ಲಬ್ಬನ್ನು ತಲಾ 35 ಪೌಂಡ್ ಹಾಕಿದ ಸಾವಿರಾರು ಸದಸ್ಯರು ಕೂಡಿ ಕೊಂಡರು. ಆಡುವ ಹನ್ನೊಂದು ಮಂದಿಯನ್ನೂ ಮತ ಹಾಕಿ ಆರಿಸುವುದೆಂಬ ಆಕರ್ಷಣೆ ಅದಕ್ಕಿತ್ತು. ಅಧಿಕಾರ ಕೈಗೆ ಬಂದ ಮೇಲೆ ಆ ಸದಸ್ಯರು ಮಾಡಿದ್ದೇನು? ತಂಡದ ಆಯ್ಕೆಯನ್ನು ಕೋಚಿಗೇ ಬಿಟ್ಟರು. ಆ ವರ್ಷವೇ ವೆಂಬ್ಲಿಯಲ್ಲಿ ಎಫ್‌ಎ ಟ್ರೋಫಿ ಗೆದ್ದರು. ಮುಂದೆ ಸದಸ್ಯತ್ವ ಕರಗಿತು, 2013ರಲ್ಲಿ ಕ್ಲಬ್ಬು ಕೈಬಿಟ್ಟಿತು, ಅದು ಬೇರೆ ಮಾತು. ತಾನು ಬಲ್ಲದ್ದು ಯಾವುದು, ಬಲ್ಲದಿರುವುದು ಯಾವುದು ಎಂಬುದು ಅಭಿಮಾನಿಗೆ ತಿಳಿಯದೇನಲ್ಲ. ಬಲ್ಲ ವಿಷಯದಲ್ಲಿ ಅವನ ಮಾತಿಗೆ ತೂಕವಿದೆ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ 77 ಪೌಂಡಿನ ಟಿಕೆಟ್ಟು ಮಾಡಹೊರಟಾಗ ಸಾವಿರಾರು ಪ್ರೇಕ್ಷಕರು ಪಂದ್ಯದ 77ನೆಯ ನಿಮಿಷಕ್ಕೆ ಎದ್ದು ಹೊರನಡೆದರು. ಮಾಲೀಕರು ಕ್ಷಮೆ ಕೇಳಿ ಹಿಂದೆಗೆದರು. 2021ರ ಏಪ್ರಿಲಿನ ‘ಸೂಪರ್ ಲೀಗ್’ ಯೋಜನೆಯಿಂದ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನಗಳಲ್ಲಿ ಹಿಂದೆ ಸರಿಯುವಂತಾದುದಕ್ಕೆ ಅಭಿಮಾನಿಗಳ ಸಿಟ್ಟು ಮುಖ್ಯ ಕಾರಣ. ಕೋಚಿನ ಹೆಸರು ಅವರು ಹೇಳಬೇಕಾಗಿಲ್ಲ. ಯಾವ ಅಳತೆಗೋಲಿನಿಂದ ಆರಿಸಿದಿರಿ ಎಂದು ಕೇಳುವ ಹಕ್ಕು ಮಾತ್ರ ಅವರಿಗಿರಲೇಬೇಕು.

ನಮ್ಮ ಬೆಂಗಳೂರು ಎಫ್‌ಸಿಯ ಚರಿತ್ರೆ ಚಿಕ್ಕದು. 2013ರಲ್ಲಿ ಹುಟ್ಟಿದ ಕ್ಲಬ್ಬು. ಅಷ್ಟರಲ್ಲೇ ಈ ಎರಡೂ ಬಗೆಯ ಉತ್ತರಾಧಿಕಾರವನ್ನು ಅದು ಕಂಡಿದೆ. 2018ರಲ್ಲಿ ಆಲ್ಬರ್ಟ್ ರೋಕಾ ಹೊರಟಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಹೊಣೆ ಹೊತ್ತರು, ಪೇಸ್ಲಿಯಂತೆ ಒಳಗಿನಿಂದ. ಮೊದಲ ಋತುವಿನಲ್ಲೇ, 2019ರ ಮಾರ್ಚಿನಲ್ಲಿ, ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಗೋವಾವನ್ನು ಮಣಿಸಿ ಐಎಸ್‌ಎಲ್ ಪ್ರಶಸ್ತಿ ಬಂತು. 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ನಂತರ, ಕ್ವಾದ್ರಾತ್ ನಿರ್ಗಮಿಸಿದರು. ಆಮೇಲೆ ಜರ್ಮನಿಯವರೊಬ್ಬರು, ಇಂಗ್ಲೆಂಡಿನವರೊಬ್ಬರು, ಮತ್ತೆ ಸ್ಪೇನಿನವರೊಬ್ಬರು ಬಂದರು. ದೇಶ ಬದಲಾದಂತೆ ಆಟದ ಕಲ್ಪನೆಯೂ ಬದಲಾಯಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಅಂಕಣದಲ್ಲಿ ನಿಂತು ಕೂಗುವ ತರುಣರು ಮುಂದಿನ ಸಲ ಹೆಸರುಗಳ ಪಟ್ಟಿ ಹಿಡಿಯುವ ಮುನ್ನ ಕ್ಲಬ್ಬಿನವರನ್ನು ಎರಡು ಮಾತು ಕೇಳಲಿ: ಕರ್ನಾಟಕದ ಹುಡುಗರನ್ನು ಬೆಳೆಸಿ ಆಡಿಸುವವನು ನಿಮಗೆ ಬೇಕೋ, ಬರುವ ವರ್ಷವೇ ಕಪ್ಪು ತರುವವನೋ? ಮೊದಲನೆಯದಾದರೆ ಅವನಿಗೆ ಎಷ್ಟು ಸೋಲುಗಳವರೆಗೆ ಅವಕಾಶ ಕೊಡುತ್ತೀರಿ?